ಸಮನ್ಸ್ ಓದಿ ಹೇಳುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ನಾಲ್ಕು ದಿನ ತಡವಾಗಿ. ನಮ್ಮ ವಕೀಲರ ವಾಟ್ಸಾಪ್ ಗುಂಪಿನಲ್ಲಿ ಯಾರ ದೂರದ ಮಾವ ಹೋದರೂ ಅರ್ಧ ಗಂಟೆಯೊಳಗೆ ಕೈಮುಗಿದ ಚಿತ್ರಗಳ ಸಾಲು ಬೀಳುತ್ತದೆ. ಇವರ ಬಗ್ಗೆ ಒಂದು ಸಾಲೂ ಬರಲಿಲ್ಲ. ಕೋರ್ಟಿನ ನೌಕರರ ಗುಂಪಿನಲ್ಲೂ ಬಂದಿರಲಾರದು. ಅವರು ನಿವೃತ್ತರಾದವರಲ್ಲ, ಕೆಲಸದಿಂದ ವಜಾ ಆದವರು. ಗೌರಿಬಿದನೂರು ಕೋರ್ಟಿನ ಎದುರಿನ ಟೀ ಅಂಗಡಿಯಾತ ಲೋಟ ಮುಂದಿಡುತ್ತಾ, "ನಿಮ್ಮ ಅಮೀನ್‌ರು ಹೋಗ್ಬಿಟ್ರಂತೆ ಮೇಡಂ, ಚಿಂತಾಮಣೀಲಿ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ" ಎಂದ. ಗೊತ್ತಿರಲಿಲ್ಲ ಎಂದು ಹೇಳಲು ನಾಚಿಕೆಯಾಗಿ ಸುಮ್ಮನೆ ತಲೆಯಾಡಿಸಿದೆ.

ಆದೇಶ ಜಾರಿಕಾರ ಎಂಬುದು ಕಚೇರಿಯ ಕಡತದಲ್ಲಿ ಅವರ ಹುದ್ದೆಯ ಹೆಸರು. ಹಳ್ಳಿಯವರ ಬಾಯಲ್ಲಿ ಅಮೀನ್‌ರು. ಯಾರಾದರೂ ಯಾರ ಮೇಲಾದರೂ ದಾವೆ ಹಾಕಿದರೆ, 'ನಿಮ್ಮ ಮೇಲೆ ಹೀಗೊಂದು ದಾವೆ ಇದೆ, ಇಂಥ ದಿನ ಬಂದು ಉತ್ತರ ಕೊಡಿ' ಎನ್ನುವ ಸಮನ್ಸನ್ನು ಮನೆಗೆ ಮುಟ್ಟಿಸಬೇಕು, ಸಹಿ ಪಡೆಯಬೇಕು, ಏನಾಯಿತೆಂದು ಕೋರ್ಟಿಗೆ ವರದಿ ಬರೆಯಬೇಕು. ಇಷ್ಟೇ ಕೆಲಸ. ಕಾನೂನು ಕಾಲೇಜಿನಲ್ಲಿ ಐದು ವರ್ಷ ಓದುವಾಗ ಈ ಹುದ್ದೆಯ ಬಗ್ಗೆ ನನಗೆ ಯಾರೂ ಒಂದು ಮಾತೂ ಹೇಳಿರಲಿಲ್ಲ.

ಅವರು ಮೊದಲ ಸಲ ನನ್ನ ಜೊತೆ ಮಾತಾಡಿದ್ದೇ ನನ್ನ ತಪ್ಪು ತೋರಿಸಲು. ನಾನಾಗ ಗೌರಿಬಿದನೂರಿನ ಒಬ್ಬ ಹಿರಿಯ ವಕೀಲರ ಬಳಿ ಜೂನಿಯರ್. ಮೇಷ್ಟ್ರ ಮಗಳು, ಕಪ್ಪು ಕೋಟು ಹೊಸದು, ಮಾತೂ ಸ್ವಲ್ಪ ಜೋರು. ನಾನು ಬರೆದ ದಾವೆಯೊಂದರ ಸಮನ್ಸ್ ಎರಡು ಸಲ ಜಾರಿಯಾಗದೆ ವಾಪಸ್ಸು ಬಂದಿತ್ತು. ಈ ಜಾರಿ ಮಾಡುವವರೇ ಸೋಮಾರಿಗಳು ಎಂದು ಕೋರ್ಟಿನ ವರಾಂಡದಲ್ಲಿ ನಿಂತು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಿದ್ದೆ. ಹಿಂದಿನಿಂದ ಮೆತ್ತನೆಯ ದನಿಯೊಂದು ಬಂತು.

"ಮೇಡಂ, ನೀವು ಬರೆದಿರೋ ವಿಳಾಸದಲ್ಲಿ ಒಂದು ಹುಣಸೇಮರ ಇದೆ. ಅದರ ಕೈಲಿ ಸೈನ್ ಹಾಕಿಸ್ಕೊಂಡು ಬರ್ಲಾ?"

ತಿರುಗಿ ನೋಡಿದೆ. ಐವತ್ತರ ಆಸುಪಾಸಿನ ಬಡಕಲು ಮನುಷ್ಯ. ಹೆಗಲಲ್ಲಿ ಖಾಕಿ ಬಟ್ಟೆಯ ಚೀಲ, ಕಾಲಲ್ಲಿ ಹಿಮ್ಮಡಿ ಸವೆದ ಚಪ್ಪಲಿ. ಹಾಸ್ಯ ಮಾಡಿದ್ದರೂ ಮುಖದಲ್ಲಿ ನಗುವಿರಲಿಲ್ಲ. ನನ್ನ ಪ್ರತಿವಾದಿ ಊರು ಬಿಟ್ಟು ಪೆರೇಸಂದ್ರದಲ್ಲಿ ಹೆದ್ದಾರಿ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದಾನೆಂದು ಅವರೇ ವಿಚಾರಿಸಿಕೊಂಡು ಬಂದಿದ್ದರು. ಹೊಸ ವಿಳಾಸ ಬರೆದ ಚೀಟಿಯನ್ನು ನನ್ನ ಕೈಗಿಟ್ಟು, ಇನ್ನೊಂದು ಮಾತಾಡದೆ ಹೋದರು.

ಆಮೇಲೆ ನಾನೇ ಹಟ ಹಿಡಿದು ಒಂದು ದಿನ ಅವರ ಜೊತೆ ನಗರಗೆರೆ ಕಡೆಯ ಊರಿಗೆ ಹೋದೆ. ಸ್ಕೂಟರನ್ನು ಊರ ಹೊರಗೇ ನಿಲ್ಲಿಸಿ ಎಂದರು. ಕೋಟು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ ಎಂದರು. ಮನೆಯ ಮುಂದೆ ನಿಂತು ಕೋರ್ಟಿನ ಹೆಸರೇ ಎತ್ತಲಿಲ್ಲ. "ಅಮ್ಮಾ, ಕುಡಿಯಕ್ಕೆ ಒಂದಿಷ್ಟು ನೀರು ಕೊಡ್ತೀರಾ?" ಎಂದು ಕೂಗಿದರು. ನನ್ನ ಕಡೆ ವಾಲಿ ಮೆಲ್ಲಗೆ, "ನೀರು ಕೇಳಿದ್ರೆ ಮುಂದಿನ ಬಾಗಿಲು ತೆಗೀತಾರೆ. ಕೋರ್ಟು ಅಂದ್ರೆ ಹಿತ್ತಲ ಬಾಗಿಲಿಂದ ಹೊರಟುಬಿಡ್ತಾರೆ" ಎಂದರು.

ಮನೆಯಾಕೆ ನೀರು ತಂದಳು. ಕೊಡುವ ಮೊದಲು, ಯಾವೂರು, ಯಾರ ಪೈಕಿ ಎಂದು ವಿಚಾರಿಸಿದಳು. ಅವರು ತಮ್ಮ ಊರನ್ನೂ ಕೇರಿಯನ್ನೂ ಮರೆಮಾಚದೆ ಹೇಳಿದರು. ಚೊಂಬು ಅವರ ಕೈಗೆ ಬರಲಿಲ್ಲ. ಆಕೆ ಎತ್ತಿ ಹಿಡಿದು ಮೇಲಿನಿಂದ ಹುಯ್ದಳು, ಇವರು ಬಾಗಿ ಬೊಗಸೆಯಲ್ಲಿ ಕುಡಿದರು. ನನಗೆ ಮಾತ್ರ ಸ್ಟೀಲಿನ ಲೋಟ ಬಂತು. ಅದನ್ನು ಹಿಡಿದುಕೊಂಡು ಏನು ಮಾಡಬೇಕೋ ತಿಳಿಯದೆ ನಿಂತೆ. ಅವರು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಜಗಲಿಯ ಕೆಳಗಿದ್ದ ಕಲ್ಲಿನ ಮೇಲೆ ಕೂತು, ಸಮನ್ಸ್ ತೆಗೆದು ತೆಲುಗಿನಲ್ಲಿ ಹೇಳಲು ಶುರುಮಾಡಿದರು.

"ಇದಿ ಶಿಕ್ಷ ಕಾದಮ್ಮ, ಪಿಲುಪು."

ಇದು ಶಿಕ್ಷೆಯಲ್ಲ, ಕರೆ ಅಷ್ಟೇ. ಕನ್ನಡದ ಮನೆಯಲ್ಲಿ ಕನ್ನಡದಲ್ಲಿ, ತೆಲುಗಿನ ಮನೆಯಲ್ಲಿ ತೆಲುಗಿನಲ್ಲಿ ಅವರು ಮೊದಲು ಹೇಳುತ್ತಿದ್ದ ಮಾತು ಇದೇ. ಆಮೇಲೆ ಯಾರು ದಾವೆ ಹಾಕಿದ್ದಾರೆ, ಏನು ಕೇಳಿದ್ದಾರೆ, ಯಾವತ್ತು ಯಾವ ಕೋರ್ಟಿಗೆ ಬರಬೇಕು, ಬರುವಾಗ ಯಾವ ಕಾಗದ ತರಬೇಕು, ವಕೀಲರನ್ನು ಇಟ್ಟುಕೊಳ್ಳಲು ಆಗದಿದ್ದರೆ ಕೋರ್ಟಿನ ಆವರಣದಲ್ಲೇ ಉಚಿತ ಕಾನೂನು ನೆರವಿನ ಕೋಣೆ ಎಲ್ಲಿದೆ, ಎಲ್ಲವನ್ನೂ ಹೇಳುತ್ತಿದ್ದರು. ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಎರಡು ಸಲ ಹೇಳುತ್ತಿದ್ದರು. "ನೀವು ಬರ್ಲಿಲ್ಲ ಅಂದ್ರೆ ಅವರು ಹೇಳಿದ್ದೇ ನಿಜ ಅಂತ ಆಗೋಗುತ್ತೆ."

ವಾಪಸ್ಸು ಬರುವಾಗ ನನಗೆ ಆ ನೀರಿನ ಸಿಟ್ಟು ಇಳಿದಿರಲಿಲ್ಲ. ಅಂಥವರಿಗೆ ಅಷ್ಟು ತಾಳ್ಮೆಯಿಂದ ಯಾಕೆ ಹೇಳಬೇಕಿತ್ತು ಎಂದು ಕೇಳಿದೆ. "ನಂಗೂ ಬೇಜಾರಾಗುತ್ತೆ ಮೇಡಂ, ಕಲ್ಲಲ್ಲ ನಾನು" ಎಂದರು. "ಆದ್ರೆ ಕೋರ್ಟಿಗೆ ಬಂದು ತನ್ನ ಮಾತು ಹೇಳೋ ಹಕ್ಕು ಆಯಮ್ಮನಿಗೂ ಇದೆ. ನನಗೆ ನೀರು ಹೆಂಗೆ ಕೊಟ್ರು ಅಂತ ನೋಡ್ಕೊಂಡು ಅದನ್ನ ಮುಟ್ಸಕ್ಕಾಗುತ್ತಾ? ಜಡ್ಜ್ ಸಾಹೇಬ್ರು ಬಂದು ಕೂತ್ಕೊಂಡಾಗ ಕೋರ್ಟು ಶುರುವಾಗಲ್ಲ. ನಾವು ಹೋಗಿ ಬಾಗಿಲು ತಟ್ಟಿದಾಗ ಶುರುವಾಗುತ್ತೆ. ತಟ್ಟಲಿಲ್ಲ ಅಂದ್ರೆ ಒಳಗಿರೋರಿಗೆ ಕೋರ್ಟು ಅನ್ನೋದೇ ಇಲ್ಲ."

ಸಿವಿಲ್ ಪ್ರಕ್ರಿಯಾ ಸಂಹಿತೆಯ ಕನ್ನಡ ಕೈಪಿಡಿಯೊಂದು ಅವರ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ರಟ್ಟು ಕಿತ್ತುಹೋಗಿ ಹಳೇ ಕ್ಯಾಲೆಂಡರಿನ ಹಾಳೆ ಹೊದಿಸಿದ್ದರು. ಬಸ್ಸಿಗೆ ಕಾಯುವಾಗ ಓದುತ್ತಿದ್ದರು. ಸಮನ್ಸಿನ ಭಾಷೆ ಯಾರಿಗೂ ತಿಳಿಯುವುದಿಲ್ಲ, ಆದ್ದರಿಂದ ಪ್ರತಿ ಸಮನ್ಸಿನ ಜೊತೆ ಸರಳ ಕನ್ನಡದಲ್ಲಿ ಅರ್ಧ ಹಾಳೆಯ ವಿವರಣೆ ಲಗತ್ತಿಸಲು ಅಪ್ಪಣೆಯಾಗಬೇಕು ಎಂದು ಮೇಲಿನವರಿಗೆ ಅರ್ಜಿ ಬರೆದಿದ್ದರು. ಆ ಅರ್ಧ ಹಾಳೆಯ ಮಾದರಿಯನ್ನು ನನಗೂ ತೋರಿಸಿದ್ದರು. ನಾನು ಎಷ್ಟು ಕಷ್ಟಪಟ್ಟರೂ ಅಷ್ಟು ತಿಳಿಯಾಗಿ ಬರೆಯಲಾರೆ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಮತ್ತೆ ಬರೆದರು. ಅರ್ಜಿ ಕೊಟ್ಟಾಗಲೆಲ್ಲ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕದಲುತ್ತಿರಲಿಲ್ಲ. "ಮೊಹರಿಲ್ದೆ ಅರ್ಜಿ ಕೊಟ್ರೆ ಬಾವಿಗೆ ಕೊಡ ಬಿಟ್ಟಂಗೆ. ಮೊಹರು ಇದ್ರೆ ಹಗ್ಗ ನಮ್ಮ ಕೈಲಿರುತ್ತೆ, ಇವತ್ತಲ್ಲ ನಾಳೆ ಎಳೀಬೋದು" ಎನ್ನುತ್ತಿದ್ದರು. ಈತ ಪ್ರತಿವಾದಿಗಳಿಗೆ ಕಾನೂನು ಸಲಹೆ ಕೊಡುತ್ತಾನೆ ಎಂದು ಕೆಲವು ವಕೀಲರು ದೂರಿ, ಅವರಿಗೆ ಒಂದು ಮೆಮೊ ಕೂಡ ಬಂದಿತ್ತು. ಅದನ್ನು ಕೈಪಿಡಿಯ ಹಾಳೆಗಳ ನಡುವೆ ಇಟ್ಟುಕೊಂಡು ಓಡಾಡುತ್ತಿದ್ದರು.

ಇಂಥ ಮನುಷ್ಯ ಸುಳ್ಳು ಬರೆಯಲಾರ ಎಂಬ ನನ್ನ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದರ ದೆಸೆಯಿಂದ ನಾನು ಒಬ್ಬ ಹೆಂಗಸಿನ ಸತ್ಯವನ್ನು ಸುಳ್ಳೆಂದು ತಿಳಿದೆ.

ಆಕೆ ನಗರಗೆರೆ ಹೋಬಳಿಯವಳು. ಗಂಡ ಸತ್ತ ಮೇಲೆ ಶಿಡ್ಲಘಟ್ಟದ ಒಂದು ಫಿಲೇಚರ್‌ನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಸೇರಿ, ಅಲ್ಲೇ ಉಳಿದುಕೊಂಡಿದ್ದಳು. ಹಬ್ಬಕ್ಕೋ ಸಾವಿಗೋ ಊರಿಗೆ ಬರುವುದು. ಊರಿನಲ್ಲಿ ಒಂದು ಕೋಣೆಯ ಮನೆ, ಅದರ ಹಿಂದೆ ಸ್ವಲ್ಪ ಖಾಲಿ ಜಾಗ. ಆ ಮನೆ ತನ್ನ ಭಾಗದ್ದೆಂದು ಗಂಡನ ಅಣ್ಣನ ಮಗ ದಾವೆ ಹಾಕಿದ್ದ. ಈಕೆ ಕೋರ್ಟಿಗೆ ಬಂದಿಲ್ಲವೆಂದು ಏಕಪಕ್ಷೀಯವಾಗಿ ಅವನ ಪರವಾಗಿಯೇ ಡಿಕ್ರಿ ಆಗಿತ್ತು. ಆಕೆಗೆ ವಿಷಯ ತಿಳಿದದ್ದು ಕೋರ್ಟಿನವರು ಬಂದು ಪಾತ್ರೆ ಪಡಗ ಬೀದಿಗಿಟ್ಟು ಬೀಗ ಹಾಕಿಸಿದ ಮೇಲೆ.

ನಮ್ಮ ಆಫೀಸಿನ ಬೆಂಚಿನ ತುದಿಯಲ್ಲಿ ಕೂತು ಆಕೆ ಅಂಗೈಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದಳು. ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳ ತುದಿಗಳು ಬಿಳುಚಿ ಒಡೆದಿದ್ದವು. ದಾವೆಯ ಕಡತದ ನಕಲು ತರಿಸಿ ನೋಡಿದೆ. ವರದಿ ಸ್ಪಷ್ಟವಾಗಿತ್ತು: 'ಪ್ರತಿವಾದಿಯು ಸಮನ್ಸ್ ಸ್ವೀಕರಿಸಲು ನಿರಾಕರಿಸಿದ್ದರಿಂದ ಸಾಕ್ಷಿಗಳ ಸಮಕ್ಷಮ ಮನೆಯ ಬಾಗಿಲಿಗೆ ಅಂಟಿಸಲಾಗಿದೆ.' ಕೆಳಗೆ ನಾನು ಚೆನ್ನಾಗಿ ಬಲ್ಲ ಸಹಿ.

"ಅಮ್ಮ, ಭಯಕ್ಕೆ ಬೇಡ ಅಂದು ಈಗ ಮರೆತಿರ್ತೀರ. ಜ್ಞಾಪಿಸ್ಕೊಳ್ಳಿ" ಎಂದೆ.

"ಯಾವ ಕಾಗದಾನೂ ನಾನು ಬ್ಯಾಡ ಅಂದಿಲ್ಲಮ್ಮ. ಯಾರೂ ತಂದೇ ಇಲ್ಲ."

"ಇದನ್ನ ಬರೆದವರು ನಂಗೆ ಗೊತ್ತು. ಅವರು ಸುಳ್ಳು ಬರೆಯೋರಲ್ಲ."

ಆಕೆ ನನ್ನ ಮುಖ ನೋಡಿದಳು. "ಹಂಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಿ ಅಂತಾನಾ?" ಎಂದಳು. ಸಿಟ್ಟೇನೂ ಇರಲಿಲ್ಲ ಆ ದನಿಯಲ್ಲಿ. ಹಾಗೆ ಕೇಳಿಸಿಕೊಳ್ಳುವುದು ರೂಢಿಯಾದವರ ದನಿ ಅದು.

ಡಿಕ್ರಿ ರದ್ದು ಮಾಡಬೇಕೆಂದು ಅರ್ಜಿ ಹಾಕುವುದಂತೂ ಹಾಕಿದೆವು. ಗೆಲ್ಲುವ ನಂಬಿಕೆ ನಮ್ಮ ಸೀನಿಯರ್‌ಗೂ ಇರಲಿಲ್ಲ. ಅದೇ ವಾರ ಟೀ ಅಂಗಡಿಯಲ್ಲಿ ಅಮೀನ್‌ರು ಸಿಕ್ಕಾಗ ತಮಾಷೆಯೆಂಬಂತೆ, "ನಿಮ್ಮ ವರದೀನೇ ಸುಳ್ಳು ಅನ್ನೋರು ಬಂದವ್ರೆ ನೋಡಿ" ಎಂದೆ. ಯಾವ ಊರು ಎಂದು ಕೇಳಿದರು. ಹೇಳಿದೆ. ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು, ಕೆಲಸ ಇದೆ ಎಂದು ಎದ್ದು ಹೋದರು.

ಮಾರನೆಯ ಬೆಳಿಗ್ಗೆ ನಾನು ಆಫೀಸಿನ ಬೀಗ ತೆಗೆಯುವ ಹೊತ್ತಿಗೆ ಬಾಗಿಲ ಬಳಿ ನಿಂತಿದ್ದರು. ಒಳಗೆ ಬಂದು ಕೂರಲಿಲ್ಲ.

"ಆ ಊರಿಗೆ ನಾನು ಹೋಗೇ ಇಲ್ಲ ಮೇಡಂ."

ಮೂರು ವರ್ಷದ ಹಿಂದಿನ ಮಾತು. ಅವತ್ತು ಅವರ ಹೆಂಡತಿ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿದ್ದರು. ಪಕ್ಕದಲ್ಲಿ ಹೈಸ್ಕೂಲು ಓದುವ ಮಗಳೊಬ್ಬಳೇ. ರಜೆ ಸಿಕ್ಕಿರಲಿಲ್ಲ, ಚೀಲದಲ್ಲಿ ಹನ್ನೊಂದು ಸಮನ್ಸ್. ಗೌರಿಬಿದನೂರು ಬಸ್‌ಸ್ಟ್ಯಾಂಡಿನಲ್ಲಿ ಆ ದಾವೆ ಹಾಕಿದವನೇ ಎದುರಾದ. ಆಕೆ ಕಾಗದ ಮುಟ್ಟುವುದಿಲ್ಲ, ನೀವು ಅಲ್ಲಿತನಕ ಹೋಗಿ ಬರುವುದು ದಂಡ, ಸಾಕ್ಷಿಗಳು ಇಲ್ಲೇ ಇದ್ದಾರೆ ಎಂದ. ಇಬ್ಬರು ಮುಂದೆ ಬಂದು ಸಹಿ ಹಾಕಿದರು. ಇವರು ಅಲ್ಲೇ ಬೆಂಚಿನ ಮೇಲೆ ಕೂತು 'ನಿರಾಕರಿಸಿದ್ದಾರೆ' ಎಂದು ಬರೆದರು. ಅವನೇ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಯವರೆಗೆ ಬಿಟ್ಟ.

"ನಮ್ಮವಳು ಸಾಯೋ ಹೊತ್ಗೆ ಪಕ್ಕದಲ್ಲಿದ್ದೆ. ಆ ಬೈಕ್ ಇಲ್ದೆ ಹೋಗಿದ್ರೆ ಇರ್ತಿರಲಿಲ್ಲ," ಎಂದರು. "ಅದಕ್ಕೇ ಅವನನ್ನ ಬೈಯಕ್ಕೂ ಆಗಲ್ಲ ನಂಗೆ. ಆಮೇಲೆ ಯಾವತ್ತೂ ಮನೆ ಮುಂದೆ ನಿಲ್ದೆ ಒಂದಕ್ಷರ ಬರೆದಿಲ್ಲ. ಆದ್ರೆ ಆ ಊರಿಗೆ ಮಾತ್ರ ಹೋಗಿಲ್ಲ. ಆ ಊರಿನ ಸಮನ್ಸ್ ಬಂದ್ರೆ ಬೇರೆಯವರ ಹತ್ರ ಬದಲಾಯಿಸ್ಕೋತಿದ್ದೆ. ಏನಾಗಿದೆಯೋ ನೋಡೋ ಧೈರ್ಯ ಇರ್ಲಿಲ್ಲ."

ನಾನು ಆ ಕೋರ್ಟಿಗೆ ಬಂದು ಮೂರು ವರ್ಷವೂ ತುಂಬಿರಲಿಲ್ಲ. ನೀರು ಕೇಳಿ ಬಾಗಿಲು ತೆಗೆಸುವ, ಸಮನ್ಸ್ ಓದಿ ಹೇಳುವ, ಅರ್ಧ ಹಾಳೆಗಾಗಿ ಅರ್ಜಿ ಬರೆಯುವ ಮನುಷ್ಯನನ್ನು ಮಾತ್ರ ನಾನು ನೋಡಿದ್ದೆ. ಅದಕ್ಕೂ ಹಿಂದೆ ಅವರು ಎಲ್ಲರಂತೆ ಒಬ್ಬ ನೌಕರನಾಗಿದ್ದರೆಂದು ಆಮೇಲೆ ಬೇರೆಯವರು ಹೇಳಿದರು.

"ಸಾಕ್ಷಿ ಹೇಳ್ತೀನಿ. ನೀವು ಅರ್ಜಿ ಹಾಕಿ ನನ್ನ ಕರೆಸಿ," ಎಂದರು.

"ಕೆಲಸ ಹೋಗುತ್ತೆ," ಎಂದೆ.

"ಗೊತ್ತು ಮೇಡಂ. ನಿಯಮ ನಾನೂ ಓದಿದ್ದೀನಿ."

ಆ ಕ್ಷಣದಲ್ಲಿ ನನಗೆ ಏನನ್ನಿಸಿತು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಅವರ ಬಗ್ಗೆ ಮರುಕವಾಯಿತು, ನಿಜ. ಆದರೆ ಮರುಕಕ್ಕಿಂತ ಮುಂಚೆ ಬಂದದ್ದು, ಕೇಸು ಗೆದ್ದೆ ಎಂಬ ಹಿಗ್ಗು.

ಸಾಕ್ಷಿಯ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಎಷ್ಟೋ ವರ್ಷ ಬೇರೆಯವರನ್ನು ಆ ಕಟಕಟೆಗೆ ಕರೆಸಿದವರು ತಾವೇ ಹತ್ತಿ ನಿಂತರು. ನನ್ನ ಪ್ರಶ್ನೆಗಳು ಐದು ನಿಮಿಷದಲ್ಲಿ ಮುಗಿದವು. ಎದುರು ವಕೀಲರು ಎದ್ದರು.

"ಪ್ರಮಾಣ ಮಾಡಿ ಸುಳ್ಳು ವರದಿ ಕೊಟ್ಟಿರಿ, ಅಲ್ಲವೇ?"

"ಹೌದು ಸ್ವಾಮಿ."

"ಅದಕ್ಕೆ ಪ್ರತಿಯಾಗಿ ಏನು ಪಡೆದಿರಿ?"

"ಏನೂ ಕೇಳ್ಲಿಲ್ಲ. ಆಸ್ಪತ್ರೆ ತನಕ ಬೈಕಲ್ಲಿ ಬಿಟ್ರು."

ಏನೂ ಕೇಳಲಿಲ್ಲ ಎಂಬಲ್ಲಿಗೇ ನಿಲ್ಲಿಸಬಹುದಿತ್ತು, ಬೈಕಿನ ಮಾತು ಹೇಳದಿದ್ದರೆ ಕೋರ್ಟಿಗೆ ಗೊತ್ತಾಗುತ್ತಲೂ ಇರಲಿಲ್ಲ. ನಾನು ಕೂತಲ್ಲೇ ಕಣ್ಣು ಮುಚ್ಚಿಕೊಂಡೆ. ನ್ಯಾಯಾಧೀಶರು ಒಮ್ಮೆ ತಲೆಯೆತ್ತಿ ಅವರನ್ನು ನೋಡಿ, ಆಮೇಲೆ ಸ್ಟೆನೋಗೆ ಆ ವಾಕ್ಯವನ್ನು ನಿಧಾನವಾಗಿ ಬರೆಸಿದರು.

ಹೊರಗೆ ವರಾಂಡದಲ್ಲಿ ಆಕೆ ಗೋಡೆಗೊರಗಿ ನಿಂತಿದ್ದಳು. ಇವರು ಎದುರು ಹೋಗಿ ಕೈಮುಗಿದರು. ಆಕೆ ಎಷ್ಟೋ ಹೊತ್ತು ಅವರನ್ನೇ ನೋಡಿದಳು.

"ಅವತ್ತು ಬಂದಿದ್ರೆ ಒಂದ್ ಚೊಂಬು ನೀರು ಕೊಡ್ತಿದ್ದೆ ಕಣಪ್ಪ," ಎಂದಳು. "ಊರಾಗಿಲ್ಲ ಅಂದ್ರೂ ಪಕ್ಕದ ಮನೆಯೋರು ಕೊಡೋರು. ನಾನೆಲ್ಲಿದ್ದೀನಿ ಅಂತಾನೂ ಹೇಳೋರು."

ಕೈಗೆ ಚೊಂಬು ಕೊಡುವುದೆಂದರೆ ಅವರ ಪಾಲಿಗೆ ಏನೆಂದು ಆಕೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವರು ಅಲ್ಲಿ ನಿಲ್ಲಲಾರದೆ ಮೆಟ್ಟಿಲಿಳಿದು ಹೋದರು.

ಡಿಕ್ರಿ ರದ್ದಾಯಿತು, ದಾವೆ ಮೊದಲಿನಿಂದ ನಡೆಯಿತು. ಆಕೆ ಕಂದಾಯದ ರಸೀತಿ, ಗಂಡನ ಹೆಸರಿನ ಖಾತೆ ಎಲ್ಲವನ್ನೂ ತಂದು ತೋರಿಸಿ ತನ್ನ ಮಾತನ್ನು ತಾನೇ ಹೇಳಿದಳು. ಎರಡು ವರ್ಷದ ಮೇಲೆ ಮನೆ ಆಕೆಯದೇ ಎಂದು ತೀರ್ಪಾಯಿತು. ಬೀಗ ತೆಗೆದಾಗ ಸೂರಿನ ಒಂದು ಮೂಲೆ ಕುಸಿದಿತ್ತು, ಒಳಗೆ ಗೋಡೆಯುದ್ದಕ್ಕೂ ಗೆದ್ದಲು ಹತ್ತಿತ್ತು. ಆಕೆ ಈಗಲೂ ಅಲ್ಲೇ ಇದ್ದಾಳೆ. ಆ ಗೆಲುವಿನಿಂದ ನನಗೂ ಹೆಸರು ಬಂತು. ನೋಟೀಸು ಮುಟ್ಟದೆ ಮನೆ ಹೊಲ ಕಳೆದುಕೊಂಡವರು ಹುಡುಕಿಕೊಂಡು ಬರತೊಡಗಿದರು. ಇವತ್ತಿಗೂ ನನ್ನ ಬಳಿ ಬರುವ ಅರ್ಧಕ್ಕರ್ಧ ಕೇಸುಗಳು ಅಂಥವೇ.

ಅಮೀನ್‌ರನ್ನು ಸಾಕ್ಷಿ ಹೇಳಿದ ವಾರದಲ್ಲೇ ಅಮಾನತು ಮಾಡಿದರು. ಇಲಾಖಾ ವಿಚಾರಣೆ ಶುರುವಾಯಿತು. ಅವರು ಯಾರ ಒತ್ತಾಯವೂ ಇಲ್ಲದೆ, ಯಾರೂ ಕೇಳದೆ, ತಾವಾಗಿ ಬಂದು ಒಪ್ಪಿಕೊಂಡರು ಎಂಬುದಕ್ಕೆ ಲೋಕದಲ್ಲಿ ಒಬ್ಬಳೇ ಸಾಕ್ಷಿ, ನಾನು. ಆ ಒಂದು ಮಾತನ್ನು ವಿಚಾರಣಾಧಿಕಾರಿಯ ಮುಂದೆ ಹೇಳಿದ್ದರೆ ಶಿಕ್ಷೆ ಕಡಿಮೆಯಾಗುವ ಸಾಧ್ಯತೆಯಿತ್ತು. ವಜಾ ಆಗದೆ, ಪಿಂಚಣಿ ಸಿಗುವ ಕಡ್ಡಾಯ ನಿವೃತ್ತಿಯಾದರೂ ಆಗಬಹುದಿತ್ತು. ನಮ್ಮ ಸೀನಿಯರ್ ಬೇಡವೆಂದರು.

"ಕೋರ್ಟಿನ ಒಳಗಿನ ವಿಚಾರಣೆ ಅದು. ನೀನು ಹೋಗಿ ನಿಂತ್ರೆ, ಸಾಕ್ಷೀನ ನೀವೇ ತಯಾರು ಮಾಡಿದ್ರಿ ಅಂತ ತಿರುಗಿಸ್ತಾರೆ. ಸಿವಿಲ್ ಜಡ್ಜ್ ಪರೀಕ್ಷೆ ಬೇರೆ ಕಟ್ಟಿದ್ದೀಯ. ಸುಮ್ನಿರಮ್ಮ."

ಸುಮ್ಮನಿದ್ದೆ. ಅವರು ಬಂದು ಕೇಳಿದ್ದರೆ ಹೋಗುತ್ತಿದ್ದೆನೇನೋ. ಅವರು ಕೇಳಲಿಲ್ಲ. ಕೇಳುವವರಲ್ಲ ಎಂದು ತಿಳಿದಿದ್ದರಿಂದಲೇ ನನಗೆ ಸುಮ್ಮನಿರುವುದು ಸುಲಭವಾಯಿತು. ಆ ಪರೀಕ್ಷೆಯನ್ನು ಎರಡು ಸಲ ಬರೆದೆ. ಎರಡು ಸಲವೂ ಪಾಸಾಗಲಿಲ್ಲ.

ವಜಾ ಆದ ಮೇಲೆ ಅವರು ಮಗಳನ್ನು ಕರೆದುಕೊಂಡು ಚಿಂತಾಮಣಿಗೆ, ತಂಗಿಯ ಮನೆಯ ಹತ್ತಿರಕ್ಕೆ ಹೋದರು. ಆಮೇಲೆ ಒಂದೇ ಒಂದು ಸಲ ನಾನು ಅವರನ್ನು ಕಂಡದ್ದು. ಚಿಂತಾಮಣಿ ಕೋರ್ಟಿನಲ್ಲಿ ಒಂದು ಕೇಸಿತ್ತು. ಊಟದ ಬಿಡುವಿನಲ್ಲಿ ತಾಲ್ಲೂಕು ಕಚೇರಿಯ ಮುಂದೆ ಹಾದುಹೋಗುವಾಗ ಹೊಂಗೆಮರದ ನೆರಳಿನಲ್ಲಿ ಅವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತದ್ದು ಕಂಡಿತು. ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬರಿಗೆ ಯಾವುದೋ ನೋಟೀಸನ್ನು ತಮ್ಮ ಅರೆಬರೆ ಉರ್ದುವಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಇನ್ನೂ ನಾಲ್ಕೈದು ಜನ ಕಾಗದ ಹಿಡಿದು ಕಾಯುತ್ತಿದ್ದರು. ನಾನು ಕಾಣದವಳಂತೆ ದಾಟಿಹೋಗಬೇಕೆಂದಿದ್ದೆ. ಅವರೇ ಕೂಗಿದರು.

"ಮೇಡಂ, ಟೀ ಕುಡ್ಕೊಂಡು ಹೋಗಿ."

ಮೊದಲಿಗಿಂತ ಸೊರಗಿದ್ದರು. ಮಗಳು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದಾಳೆಂದರು. ಅರ್ಧ ಹಾಳೆಯ ಅರ್ಜಿಯನ್ನು ಈಗಲೂ ವರ್ಷಕ್ಕೊಂದು ಕಳಿಸುತ್ತೇನೆಂದರು. ಹೋದ ಸಲ 'ಕಡತಕ್ಕೆ ಸೇರಿಸಲಾಗಿದೆ' ಎಂದು ಬಂತಂತೆ. "ಕಡತಕ್ಕೆ ಸೇರ್ತು ಅಂದ್ರೆ ಕಡತ ಒಂದು ಇದೆ ಅಂತಾಯ್ತಲ್ಲ," ಎಂದರು. ಅದು ಹಾಸ್ಯವೋ ನಂಬಿಕೆಯೋ ನನಗೆ ತಿಳಿಯಲಿಲ್ಲ. ಆಮೇಲೆ, "ಈಗ ವಾಟ್ಸಾಪಲ್ಲೇ ಸಮನ್ಸ್ ಕಳಿಸ್ತಾರಂತಲ್ಲ ಮೇಡಂ. ನೀಲಿ ಗೀಟು ಬಿದ್ರೆ ಸಾಕಂತೆ. ನೋಡಿದ್ದು ಬೇರೆ, ತಿಳ್ಕೊಂಡಿದ್ದು ಬೇರೆ ಅಲ್ವಾ?" ಎಂದರು.

ವಿಚಾರಣೆಯ ಮಾತೆತ್ತಬೇಕೆಂದು ನಾನು ಎರಡು ಸಲ ಬಾಯಿ ತೆರೆದೆ. ಎರಡನೆಯ ಸಲ ಅವರಿಗೆ ಗೊತ್ತಾಯಿತೆಂದು ಕಾಣುತ್ತದೆ. "ನಿಮಗೆ ಕೋರ್ಟಿಗೆ ಹೊತ್ತಾಯ್ತು," ಎಂದು ಎದ್ದರು. ಕಾಯುತ್ತ ನಿಂತಿದ್ದವರಲ್ಲಿ ಒಬ್ಬನ ಕೈಯಿಂದ ಕಾಗದ ತೆಗೆದುಕೊಂಡು ಕನ್ನಡಕ ಹಾಕಿಕೊಂಡರು.

ಸುದ್ದಿ ತಿಳಿದ ಮಾರನೆಯ ದಿನವೇ ನಾನು ಚಿಂತಾಮಣಿಗೆ ಹೋದೆ. ಎರಡು ಕೋಣೆಯ ಬಾಡಿಗೆ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೇಜಿನ ಮೇಲೆ ಅವರ ಪಾಸ್‌ಪೋರ್ಟ್ ಅಳತೆಯ ಒಂದು ಫೋಟೋ. ದೊಡ್ಡದು ಮಾಡಿಸಲು ಇನ್ನೂ ಆಗಿರಲಿಲ್ಲ. ಮಗಳು ಶಾಲೆಗೆ ರಜೆ ಹಾಕಿ ಒಬ್ಬಳೇ ಇದ್ದಳು. ನನ್ನ ಹೆಸರು ಹೇಳಿದೆ. ಆಕೆಯ ಮುಖ ಬದಲಾಗಲಿಲ್ಲ. ಕೂತ್ಕೊಳ್ಳಿ ಎಂದಳು.

"ಅಪ್ಪ ನಿಮ್ಮ ಬಗ್ಗೆ ಯಾವತ್ತೂ ಕೆಟ್ಟದಾಗಿ ಮಾತಾಡಿಲ್ಲ," ಎಂದಳು. "ನಾನು ಮಾತಾಡಿದ್ದೀನಿ. ಅದನ್ನ ನಿಮ್ಮ ಮುಂದೇನೇ ಹೇಳಿಬಿಡೋದು ವಾಸಿ."

ಆಕೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಫೈಲು ತಂದಳು. ವಜಾ ಆದೇಶದ ಪ್ರತಿ. ಮೂರನೆಯ ಪುಟದಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಎಳೆದಿತ್ತು. ವಾದಿಯಿಂದ ಉಪಕಾರ ಪಡೆದು ಸುಳ್ಳು ವರದಿ ನೀಡಿದ ಸದರಿ ನೌಕರರು, ಎದುರು ಪಕ್ಷದವರು ವಿಷಯವನ್ನು ಪತ್ತೆ ಹಚ್ಚಿ ನ್ಯಾಯಾಲಯಕ್ಕೆ ಕರೆಸಿದಾಗ ಅನ್ಯ ಮಾರ್ಗವಿಲ್ಲದೆ ತಪ್ಪನ್ನು ಒಪ್ಪಿಕೊಂಡಿದ್ದಾರೆ, ಎಂದು ಅದರಲ್ಲಿತ್ತು.

"ಗೆರೆ ಅಪ್ಪ ಎಳೆದಿದ್ದಲ್ಲ, ನಾನು," ಎಂದಳು. "ಅಪ್ಪ ಅಪೀಲೂ ಹಾಕ್ಲಿಲ್ಲ. ಮಾಡಿದ್ದು ನಿಜ, ಮಿಕ್ಕಿದ್ದಕ್ಕೆ ಯಾಕೆ ಜಗಳ ಅನ್ನೋರು. ಪತ್ತೆ ಹಚ್ಚಿದ ಎದುರು ಪಕ್ಷದವರು ಅಂದ್ರೆ ನೀವು ತಾನೆ? ನೀವು ಪತ್ತೆ ಹಚ್ಚಿದ್ರಾ?"

"ಇಲ್ಲ," ಎಂದೆ. "ನಾನು ಆ ಹೆಂಗಸಿನ ಮಾತನ್ನೇ ನಂಬಿರಲಿಲ್ಲ. ನಿಮ್ಮ ತಂದೆಯವರೇ ಬೆಳಿಗ್ಗೆ ಬಂದು ಹೇಳಿದ್ರು. ನಾನು ಏನೂ ಕೇಳಿರಲಿಲ್ಲ."

"ಹಂಗಾದ್ರೆ ಇದು ಸುಳ್ಳು."

"ಸುಳ್ಳು."

"ಅದನ್ನ ಬರೆದು ಕೊಡಿ."

ಈಗ ಅದರಿಂದ ಕಾನೂನಿನಲ್ಲಿ ಏನೂ ಆಗುವುದಿಲ್ಲ, ಅವಧಿ ಮೀರಿದೆ, ಸಂಬಂಧಪಟ್ಟ ನೌಕರರೇ ಇಲ್ಲ ಎಂದು ವಿವರಿಸಲು ಹೊರಟೆ. ಆಕೆ ಶಾಲೆಯ ಮಕ್ಕಳ ಉತ್ತರ ಪತ್ರಿಕೆಗಳ ಕಟ್ಟಿನಿಂದ ಒಂದು ಖಾಲಿ ಹಾಳೆ ತೆಗೆದು, ಪೆನ್ನಿನ ಜೊತೆ ನನ್ನ ಮುಂದಿಟ್ಟಳು.

"ಯಾರಿಗೂ ಕೊಡಲ್ಲ," ಎಂದಳು. "ಸರ್ಕಾರದ ಕಾಗದದಲ್ಲಿ ಒಂದು ಬರೆದಿದೆ. ಅದರ ಪಕ್ಕದಲ್ಲಿ ಇನ್ನೊಂದು ಇರ್ಲಿ."

ಬರೆದೆ. ಯಾವ ಊರು, ಯಾವ ಕೇಸು, ಅವರು ಬಂದು ಬಾಗಿಲಲ್ಲಿ ನಿಂತದ್ದು, ನಾನು ಕೇಳದೆಯೇ ಹೇಳಿದ್ದು, ಕೆಲಸ ಹೋಗುತ್ತದೆಂದು ತಿಳಿದೇ ಸಾಕ್ಷಿಗೆ ನಿಂತದ್ದು, ಒಂದು ಪುಟದಲ್ಲಿ ಮುಗಿಯಿತು. ಸಹಿ ಹಾಕಿ ಕೊಟ್ಟೆ. ಆಕೆ ಉತ್ತರ ಪತ್ರಿಕೆ ತಿದ್ದುವವರಂತೆ ಸಾಲಿನಿಂದ ಸಾಲಿಗೆ ಬೆರಳು ಸರಿಸುತ್ತ ಓದಿದಳು. ಓದಿ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು.

"ಇಷ್ಟು ವರ್ಷ ಇದನ್ನ ಯಾಕೆ ಹೇಳ್ಲಿಲ್ಲ ಅನ್ನೋದು ಇದರಲ್ಲಿಲ್ಲ," ಎಂದಳು. "ಅದನ್ನೂ ಬರೀರಿ."

ಹಾಳೆಯ ಮಗ್ಗುಲು ಮಗುಚಿದೆ. ಹಿಂದೆಯೂ ಖಾಲಿಯಿತ್ತು. ಆಕೆ ಎದುರಿನ ಕುರ್ಚಿಯಲ್ಲಿ ಕೂತು ಕಾದಳು. ಅದನ್ನು ಬರೆಯಲು ನನಗೆ ಮೊದಲ ಪುಟಕ್ಕಿಂತ ಬಹಳ ಹೊತ್ತು ಹಿಡಿಯಿತು.